ಎಂಬತ್ತೇಳು ಮೆಟ್ಟಿಲು

"ಎರಡು ಮಹಡಿ ನಿಲ್ಲದೆ ಹತ್ತಬಲ್ಲಿರಾ?" ಕೇಳಿದರು ಸರ್ಜನ್.
ಮಹಡಿಯೇನು ಸ್ವಾಮಿ, ನಾನಿರುವುದು ಶೆಫೀಲ್ಡು,
ಹಾಲು ತರಲು ಹೋದರೂ ಇಲ್ಲಿ
ಒಂದು ದಿಬ್ಬ ಇಳಿದು ಇನ್ನೊಂದು ಹತ್ತಬೇಕು.
ಹೀಗೆ ಜಂಬ ಕೊಚ್ಚಿ ಹೊರಗೆ ಬಂದವಳು
ಟ್ರ್ಯಾಮ್ ಸ್ಟಾಪಿನ ಬೆಂಚಿನ ಮೇಲೆ ಕುಸಿದು ಕೂತೆ.

ಬಲಗಡೆ, ಕೆಳಗಿನ ಹಾಲೆ, ಹದಿನಾಲ್ಕು ಮಿಲಿಮೀಟರ್.
ಅವರು ಬಟಾಣಿ ಎಂದರು.
ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ
ಸೌಟುಗಟ್ಟಲೆ ಬಟಾಣಿ ಬಡಿಸಿದವಳು ನಾನು;
ಪರದೆ ನೋಡಿ ಹೇಳಿದೆ, ಬಟಾಣಿಯಲ್ಲ,
ಸಿಪ್ಪೆ ಬಿಡಿಸಿದ ಅವರೆಕಾಳು.

ಒಂಬತ್ತು ವರ್ಷದ ಹಿಂದೆ ಎಡ ಮೊಲೆ ತೆಗೆದಿದ್ದರು.
ಅಂದಿನಿಂದ ರವಿಕೆಯೊಳಗೊಂದು ಸ್ಪಂಜು.
ಈ ಕಾಳು ಆ ಹಳೆಯದರ ಮಗಳೋ,
ಯಾವ ಸಂಬಂಧವೂ ಇಲ್ಲದ ಹೊಸಬಳೋ?
"ತೆಗೆದ ಮೇಲಷ್ಟೇ ಗೊತ್ತಾಗುತ್ತದೆ"
ಎಂದು ಕೈ ತೊಳೆದುಕೊಂಡರು,
ನಿಜವಾಗಿಯೂ, ಮೂಲೆಯ ಸಿಂಕಿನಲ್ಲಿ.

ನಾಲ್ಕು ವಾರ ಸಿಕ್ಕವು. ಕೈಗೊಂದು ಪ್ಲಾಸ್ಟಿಕ್ ಆಟಿಕೆ:
ಮೂರು ಗೂಡು, ಮೂರು ನೀಲಿ ಚೆಂಡು,
ಊದುವುದಲ್ಲ, ಎಳೆಯುವುದು.
ಒಂದನೆಯದು ಪಾಪದ್ದು, ಏಳುತ್ತದೆ.
ಎರಡನೆಯದು ಮುಖ ನೋಡಿ ಏಳುತ್ತದೆ.
ಮೂರನೆಯದು ಮದುವೆಮನೆಯ ಹಿರಿಯ ಅಳಿಯ,
ಎಷ್ಟು ಕರೆದರೂ ಕೂತಲ್ಲೇ.

ಆಮೇಲೆ ಮೆಟ್ಟಿಲು. ವಾಕ್ಲಿಯ ನಮ್ಮ ಓಣಿಯ ಹಿಂದೆ
ಎಂಬತ್ತೇಳು ಕಲ್ಲು, ನಡುವೆ ಸವೆದು ತಟ್ಟೆಯಾದವು.
ಎಣಿಸಲು ಪಕ್ಕದ ಮನೆಯ ಡೋರೀನ್.
ಹುಡುಗಿಯಾಗಿದ್ದಾಗ ಚಮಚ ಪಾಲಿಶ್ ಮಾಡುವ ಕಾರ್ಖಾನೆ,
ಮೈಗೆಲ್ಲ ಕಾಗದ ಸುತ್ತಿಕೊಂಡು, ಮೂಗಿನೊಳಗೆ ಕಪ್ಪು ಮರಳು.
ಎಂಬತ್ತೊಂದು ವರ್ಷದ ಆ ಎದೆ
ಹಳೆ ಕುಕ್ಕರಿನ ಹಾಗೆ ಸೀಟಿ ಹಾಕುತ್ತದೆ,
ಆದರೂ ನನಗಿಂತ ಮುಂದೆ.
ನಲವತ್ತಕ್ಕೆ ನಾನು ಕಂಬಿ ಹಿಡಿದರೆ
"ನಿಲ್ಲೇ ಕೂಸೇ, ಬಸ್ಸೇನೂ ತಪ್ಪುವುದಿಲ್ಲ" ಎನ್ನುತ್ತಾಳೆ,
ಬಾಯಿ ಅವಳ ಇಂಗ್ಲಿಷಿನದು, ಕಿವಿ ನನ್ನ ಕನ್ನಡದ್ದು.

ಹಿಂದಿನ ರಾತ್ರಿ ಫ್ರಿಜ್ಜಿಗೆ ಚೀಟಿ ಅಂಟಿಸಿದೆ.
ಸಾರಿನ ಪುಡಿ ಎಲ್ಲಿ, ಬಾಯ್ಲರ್ ಹಟ ಮಾಡಿದರೆ ಯಾರಿಗೆ ಫೋನು.
ಕೊನೆಯ ಸಾಲು ಬರೆದು ಹೊಡೆದು ಹಾಕಿದೆ.
ನಾಗೇಂದ್ರ ಅದನ್ನು ಬೆಳಕಿಗೆ ಹಿಡಿದು ಓದಿದನೇನೋ,
ಕೇಳಲಿಲ್ಲ.
ಬೆಳಿಗ್ಗೆ ನನ್ನ ಬಲಭುಜದ ಮೇಲೆ ಪೆನ್ನಿನಲ್ಲಿ ಬಾಣ ಬರೆದರು,
ದಾರಿ ತಪ್ಪದಿರಲಿ ಎಂದು.

ಎಚ್ಚರವಾದಾಗ ಪಕ್ಕೆಯಿಂದ ಹೊರಟ ಕೊಳವೆ
ಹಾಸಿಗೆ ಕೆಳಗಿನ ಡಬ್ಬಿಗೆ.
ಕೆಮ್ಮಿದರೆ ಅದರೊಳಗೆ ಗುಳುಗುಳು.
ನನ್ನ ಉಸಿರನ್ನು ಕಣ್ಣಾರೆ ಕಂಡದ್ದು ಅದೇ ಮೊದಲು:
ಬರೀ ಗುಳ್ಳೆ, ಪಾತ್ರೆ ತೊಳೆದ ನೀರಿನಂತೆ.
"ಕೆಮ್ಮಿ, ಇನ್ನೂ ಜೋರಾಗಿ" ಎನ್ನುತ್ತ ಫಿಜಿಯೋ ಹುಡುಗ
ಟವೆಲ್ ಸುತ್ತಿ ಎದೆಗೆ ಕೊಟ್ಟ.
ಬಾಣಂತಿಯಂತೆ ಅದನ್ನು ತಬ್ಬಿ ಕೆಮ್ಮಿದೆ,
ಅವನ ವಂಶವನ್ನೆಲ್ಲ ಕನ್ನಡದಲ್ಲಿ ಬೈದೆ.
ಪಾಪ, ಥ್ಯಾಂಕ್ಸ್ ಎಂದ.

ಮನೆಗೆ ಬಂದ ದಿನ ಡೋರೀನ್ ತಂದದ್ದು ಒಂದು ಚಮಚ,
ಹದಿನೈದರಲ್ಲಿ ತಾನೇ ತಿಕ್ಕಿ, ತಾನೇ ಕದ್ದದ್ದು.
ನೋವಿನ ಔಷಧ ಈಗ ಅದರಲ್ಲೇ.
ಗುಳಿಯಲ್ಲಿ ನನ್ನ ಮುಖ ತಲೆಕೆಳಗು;
ತಿರುಗಿಸಿದರೆ ನೆಟ್ಟಗೆ, ಮೂಗು ಮಾತ್ರ ದಪ್ಪ.
ಮಲಗುವುದು ಕೂತೇ. ನಗುವುದು ಕಂತಿನಲ್ಲಿ.
ಸೀನು ಬಂದರೆ ದೇವರೇ ಗತಿ.

ಮೂರನೇ ವಾರ ಫೋನು ಬಂತು.
ಮಗಳೇ. ಹಳೆಯದರ ಮಗಳು.
ಅಂಚು ಶುದ್ಧವಾಗಿದೆ, ಮಾತ್ರೆ ಬದಲಿಸೋಣ,
ಮೂರು ತಿಂಗಳಿಗೊಮ್ಮೆ ನೋಡೋಣ.
ನಾಗೇಂದ್ರ ಬೇಳೆ ತೊಳೆಯುತ್ತಿದ್ದ,
ನೀರು ತಿಳಿಯಾಗಿ ಬಹಳ ಹೊತ್ತಾದರೂ
ತೊಳೆಯುತ್ತಲೇ ಇದ್ದ.

ಇವತ್ತು ಮತ್ತೆ ಮೆಟ್ಟಿಲಿಗೆ ಬಂದೆವು.
ಹನ್ನೆರಡಕ್ಕೆ ನಿಂತೆ. ಪಕ್ಕೆಯ ಹೊಲಿಗೆ ಚುರುಕ್ಕೆಂದಿತು.
ಬಾಯಿಯ ಹಬೆ ಚಳಿಯಲ್ಲಿ
ಒಂದು ಗಳಿಗೆ ನನ್ನೆದುರೇ ನಿಂತಿತ್ತು.
ಮೂರು ಮೆಟ್ಟಿಲು ಮೇಲೆ ಡೋರೀನ್, ಸೀಟಿ ಹಾಕುತ್ತಾ.
ಮಾತಿನ ಭರದಲ್ಲಿ ಎಣಿಕೆ ಮರೆತಿದ್ದಳು.
"ಎಷ್ಟಾಯಿತೇ?"

ಹನ್ನೊಂದು, ಎಂದೆ.
ಒಂದನ್ನು ಕದ್ದು ಕೋಟಿನ ಜೇಬಿಗೆ ಹಾಕಿಕೊಂಡೆ.