ಬಿರುಕು ಹದಿನೇಳು

ಗ್ರೋನಿಂಗನ್‌ನ ಈ ಉತ್ತರದ ತುದಿಯಲ್ಲಿ
ಏರು ಎಂಬುದೇ ಇಲ್ಲ. ಸೈಕಲ್ಲಿಗೆ ಎದುರಾಗುವುದು ಗಾಳಿ ಮಾತ್ರ.
ಕಾಲುವೆಯ ನೀರಿಗೂ ಯಾವ ಕಡೆ ಹರಿಯಬೇಕೆಂದು
ಪಂಪು ಹೇಳಿಕೊಡಬೇಕು.
ನಾವು ಹೆದರಿದ್ದು ಸಮುದ್ರಕ್ಕೆ.
ಒಡ್ಡು, ಒಡ್ಡಿನ ಮೇಲೆ ಮೇಯುವ ಕುರಿ,
ಆಚೆಗೆ ಕೆಸರು, ಕೆಸರಿನಾಚೆ ಅದು.
ತಲೆತಲಾಂತರದಿಂದ ದೇವರಲ್ಲಿ ಬೇಡಿದ್ದೆಲ್ಲ ನೀರಿನ ವಿಷಯ.
ನೆಲದ ಬಗ್ಗೆ ಯಾರೂ ಏನೂ ಬೇಡಿರಲಿಲ್ಲ.

ಆ ರಾತ್ರಿ ಹತ್ತೂವರೆ. ಬಟ್ಟೆ ಮಡಚುತ್ತಿದ್ದೆ.
ಮೊದಲು ಸದ್ದು: ಬೀಟ್‌ರೂಟು ಹೇರಿದ ಲಾರಿ
ಮನೆಯ ಮುಂದಲ್ಲ, ಮನೆಯ ಅಡಿಯಲ್ಲಿ ಹಾದುಹೋದ ಹಾಗೆ.
ಕಪಾಟಿನ ಬಟ್ಟಲುಗಳು ಒಂದಕ್ಕೊಂದು ಏನೋ ಹೇಳಿಕೊಂಡವು.
ಮೆಟ್ಟಿಲ ತುದಿಯಲ್ಲಿ ರೆಮ್ಮೆಲ್ಟ್, ಅರೆನಿದ್ದೆಯಲ್ಲಿ,
"ಅಮ್ಮಾ, ನನ್ನ ಮಂಚಕ್ಕೆ ಯಾರು ಒದ್ದರು?"
ಐದು ಸೆಕೆಂಡು. ಹೆಚ್ಚೆಂದರೆ ಆರು.
ಮಡಚಿದ್ದ ಟವೆಲನ್ನು ಬಿಚ್ಚಿ
ಮತ್ತೆ ಮಡಚಿದೆ.

ಇಡೀ ಬೀದಿ ಬೀದಿಗೆ ಬಂದಿತ್ತು.
ನೀರು ನುಗ್ಗಿದರೆ ಅಟ್ಟ ಹತ್ತಬೇಕು,
ಬೆಂಕಿ ಬಿದ್ದರೆ ಗಂಟೆ ಹೊಡೆಯಬೇಕು,
ಇದಕ್ಕೆ?
ಬಾಗಿಲ ಚೌಕಟ್ಟಿನಡಿ ನಿಲ್ಲಬೇಕಂತೆ, ಅಂದರು ಒಬ್ಬರು.
ಅಲ್ಲ, ಮೇಜಿನಡಿ.
"ನಾವೇನು ಜಪಾನಿನವರೇ?" ಎಂದು ಖೇಸ್ಯೆ ನಕ್ಕಳು.
ಹಲ್ಲು ಕಟಕಟ ಅನ್ನುತ್ತಿತ್ತು. ಚಳಿ ಅಂದಳು.
ಆಗಸ್ಟ್ ತಿಂಗಳು.

ಆಮೇಲೆ ಕಂಪನಿಯ ಕಡೆಯವನು ಬಂದ.
ಒಳ್ಳೆಯವನೇ; ಶೂ ಬಿಚ್ಚಿಟ್ಟು ಒಳಬಂದ.
ಕೈಯಲ್ಲೊಂದು ಪಾರದರ್ಶಕ ಪಟ್ಟಿ, ಕಿವಿಯ ಮೇಲೆ ಪೆನ್ಸಿಲು.
ಒಂದೊಂದು ಬಿರುಕಿಗೂ ಪಕ್ಕದಲ್ಲಿ ನಂಬರು ಬರೆದ,
ಹೊಸದಾಗಿ ಸ್ಕೂಲಿಗೆ ಸೇರಿದ ಮಕ್ಕಳಿಗೆ ಬರೆದಂತೆ.
ಹದಿನೇಳು ಅಡುಗೆಮನೆಯದು:
ಸ್ಟೌವಿನ ಹಿಂದೆ ಹೊರಟು ಕಿಟಕಿಯ ಮೂಲೆಗೆ, ಮೂರೂವರೆ ಮಿಲಿಮೀಟರು.
ಗೋಡೆಗೂ ಕಿವಿಯಿದೆ ಅನ್ನುತ್ತಿದ್ದರು,
ಈಗ ಬಾಯಿಯೂ ಬಂತು.
"ಇದು ಮೊದಲೇ ಇತ್ತೇ?"
ಇರಲಿಲ್ಲ.
"ಇರಲಿಲ್ಲ ಅನ್ನುವುದಕ್ಕೆ ಏನಾದರೂ ಇದೆಯೇ?"

ಆಲ್ಬಮ್ಮುಗಳನ್ನು ಕೆಳಗಿಳಿಸಿದೆ.
ಮುಖ ಬಿಟ್ಟು ಮುಖದ ಹಿಂದೆ ನೋಡುವುದನ್ನು
ಒಂದೇ ಸಂಜೆಯಲ್ಲಿ ಕಲಿತೆ.
ಚಿಕ್ಕಮ್ಮ ಟ್ರಿಂಟೆಯ ಮದುವೆ: ಗೋಡೆಯೇನೋ ಇದೆ, ಚರ್ಚಿನದು.
ರೆಮ್ಮೆಲ್ಟ್‌ಗೆ ಒಂದು ವರ್ಷ: ಬಲೂನು ಅಡ್ಡ.
ಯಾರದೋ ನಾಯಿ. ಯಾರದೋ ಹೊಸ ಕೋಟು.
ಕೊನೆಗೊಂದು ಕಪ್ಪುಬಿಳುಪು, ಅಂಚು ಹಲ್ಲುಹಲ್ಲು:
ಇದೇ ಅಡುಗೆಮನೆ, ಇದೇ ಗೋಡೆ, ಹೊಚ್ಚಹೊಸ ಗ್ಯಾಸ್ ಸ್ಟೌ,
ಅದರ ಮುಂದೆ ಅಪ್ಪ.

ನಮ್ಮ ಬೀದಿಗೆ ಕೊಳವೆ ಹೂತವರಲ್ಲಿ ಅಪ್ಪನೂ ಒಬ್ಬ.
ಆ ವಾರವೇ ಅಮ್ಮ ಕಲ್ಲಿದ್ದಲಿನ ಬಕೆಟ್ಟಿಗೆ
ಮಣ್ಣು ತುಂಬಿ ಜೆರೇನಿಯಂ ನೆಟ್ಟಳಂತೆ.
"ಇಷ್ಟು ದಿನ ನಮ್ಮ ಕಾಲಡಿಯಲ್ಲೇ ಇತ್ತು ಕಣೇ" ಅನ್ನುತ್ತ ಅವನು
ಗುಂಡಿ ತಿರುಗಿಸಿ ನೀಲಿ ಹೂ ಅರಳಿಸುವುದು,
ಆರಿಸುವುದು, ಮತ್ತೆ ಅರಳಿಸುವುದು.

ಫೋಟೋದಲ್ಲಿ ನಗುತ್ತಿದ್ದಾನೆ. ಅಗಲವಾದ ಹೆಗಲು
ಸರಿಯಾಗಿ ಹದಿನೇಳರ ಜಾಗಕ್ಕೇ ಅಡ್ಡ.
ಭೂತಗನ್ನಡಿ ಹಿಡಿದೆ. ಅವನ ಕಿವಿಗೂ ಕಿಟಕಿಗೂ ನಡುವೆ
ಎರಡು ಬೆರಳು ಗೋಡೆ:
ನುಣುಪು. ಅಥವಾ ಫೋಟೋ ಮಸುಕು.
ಅಪ್ಪಾ, ಒಂಚೂರು ಸರಿ.
ಜೋರಾಗಿಯೇ ಅಂದೆನೇನೋ,
ರೆಮ್ಮೆಲ್ಟ್ ಲೆಕ್ಕದ ಪುಸ್ತಕದಿಂದ ತಲೆಯೆತ್ತಿದ.

ಕಳಿಸಿದೆ. ಏಳು ವಾರಕ್ಕೆ ಉತ್ತರ:
"ವ್ಯಕ್ತಿಯೊಬ್ಬರು ಅಡ್ಡವಿರುವುದರಿಂದ
ಗೋಡೆಯ ಸ್ಥಿತಿ ಸ್ಪಷ್ಟವಾಗುವುದಿಲ್ಲ."

ಈಗ ನವೆಂಬರ್. ಅದೇ ಸ್ಟೌವಿನ ಜಾಗದಲ್ಲಿ ಇನ್ನೊಂದು ಸ್ಟೌ,
ಅದೇ ನೀಲಿ ಹೂ, ಮೇಲೆ ಬಟಾಣಿ ಸೂಪು.
ದೂರದಿಂದ ಸದ್ದು ಬರುತ್ತದೆ.
ಇಬ್ಬರೂ ಚಮಚ ಹಿಡಿದುಕೊಂಡೇ ಕೂತೆವು,
ಮುಂದೆಯೋ, ಅಡಿಯೋ,
ಬಟ್ಟಲುಗಳು ಮಾತಾಡುತ್ತವೋ ಎಂದು ಕಪಾಟಿನ ಕಡೆ ಕಿವಿಗೊಟ್ಟು.

ಲಾರಿ.
ಬರೀ ಬೀಟ್‌ರೂಟಿನ ಲಾರಿ.
ಆರಿಹೋಗುತ್ತೆ, ಕುಡಿ ಅಂದೆ.