ಹಾಜರಿ

ಹುಲಿಗೆವ್ವ ದೊಡ್ಡಮನಿಯದು ಒಂದೇ ಒಂದು ಫೋಟೋ.
ಮೋರ್ಚಾದ ಮೂರನೇ ಸಾಲು,
ಮುಂದಿನವನು ಎತ್ತಿದ ಮುಷ್ಟಿಯ ಹಿಂದೆ
ಕಡ್ಲೆಬೇಳೆಯಷ್ಟು ಮುಖ.

ನನ್ನದು ಝೆರಾಕ್ಸ್ ಅಂಗಡಿ,
ಧಾರಾವಿಯ ಲೇಬರ್ ಕ್ಯಾಂಪಿನ ತಿರುವಿನಲ್ಲಿ.
ದೊಡ್ಡದು ಮಾಡು ಅಂದರು, ಮಾಡಿದೆ.
ಇನ್ನೂ ದೊಡ್ಡದು ಅಂದರು.
ಮೊದಲು ಮೂಗು ಹೋಯಿತು, ಆಮೇಲೆ ಬಾಯಿ.
ಕೊನೆಗೆ ಹಾಳೆಯ ಮೇಲೆ ಉಳಿದದ್ದು
ಕರಿ ಚುಕ್ಕೆ, ಬಿಳಿ ಚುಕ್ಕೆ,
ಎಳ್ಳು ಅಕ್ಕಿ ಬೆರಸಿ ಚೆಲ್ಲಿದಂತೆ.

"ಇದು ನಮ್ಮವ್ವ ಅಲ್ಲ" ಅಂದಳು ಸಾಬವ್ವ,
ಮೂವತ್ತೊಂದು ವರ್ಷ ಮುಂಬಯಿಯ ಬೀದಿ ಗುಡಿಸಿದವಳು.
"ನಮ್ಮವ್ವ ಇಷ್ಟು ಸುಮ್ಮನ ಇರ್ತಿದ್ದಿಲ್ಲ."

ಹಾಗಾಗಿ ಗೋಡೆ.
ಬರುವ ವರ್ಷ ಬಿಲ್ಡರ್ ಕೆಡವುವ ಚಾಳಿನ ಗೋಡೆ;
ನಡುವೆ ಕೆಂಪು ಬಣ್ಣದಲ್ಲಿ
ಅದರ ಸಾವಿನ ನಂಬರು ಬರೆದಾಗಿದೆ.
ಮೈದಾ ಕುದಿಸಿದೆವು, ಜಿರಳೆ ತಿನ್ನದಿರಲೆಂದು
ಚಿಟಿಕೆ ಮೈಲುತುತ್ತ ಹಾಕಿ.
ಮನೆಗೊಂದು ಚೂರು ತನ್ನಿ ಎಂದೆವು,
ಅವಳು ಮುಟ್ಟಿದ್ದು, ಇಲ್ಲಾ ಅವಳಿಂದ ಬಂದದ್ದು.

ಎಂಟಾಣೆಯ ಯೂನಿಯನ್ ರಸೀದಿಗಳು ಬಂದವು,
ಕಾರ್ಬನ್ನಿನ ನೀಲಿ ಬೆರಳಿಗೆ ಹತ್ತುತ್ತಿತ್ತು ಇನ್ನೂ.
ಅವಳು ಜಗಳಾಡಿ ತಂದ ನಲ್ಲಿಯ
ಮೊದಲ ತಿಂಗಳ ನೀರಿನ ಬಿಲ್ಲು.
ಒಬ್ಬ ಮುದುಕ ಇಳಕಲ್ ಸೆರಗಿನ ತುಂಡು ತಂದ:
"ಲಾಠಿ ಬಿದ್ದ ದಿನ ನನ್ನ ತಲೆಗೆ ಕಟ್ಟಿದ್ದಳು."
ಕೊಟ್ಟ. ಮೆಟ್ಟಿಲಿಳಿದ. ಮತ್ತೆ ಹತ್ತಿ ಬಂದು
ಅರ್ಧ ಹರಿದುಕೊಂಡು ಹೋದ.

ಕೂದಲಿಗೆ ಹೆಸರುಗಳು.
ಚೌಕಿಯ ಹಳೆಯ ಹಾಜರಿ ಪುಸ್ತಕದಲ್ಲಿ
ಹೆಂಗಸರಿಗೆ ಹೆಸರೇ ಇರಲಿಲ್ಲ:
ಭೀಮಪ್ಪನ ಹೆಂಡತಿ,
ಭೀಮಪ್ಪನ ಹೆಂಡತಿ ನಂಬರ್ ಎರಡು
(ಅದು ಬೇರೆ ಭೀಮಪ್ಪ, ಪಾಪ).
ಹತ್ತೊಂಬತ್ತು ದಿನ ಕಸಬರಿಗೆ ಮುಟ್ಟದೆ
ಚೌಕಿಯ ಬಾಗಿಲಲ್ಲಿ ಕೂತಳು ಹುಲಿಗೆವ್ವ.
ಇಪ್ಪತ್ತನೇ ದಿನದ ಪುಟ ನನ್ನ ಬಳಿ ಇದೆ.
ಕಾಶವ್ವ. ದ್ಯಾಮವ್ವ. ಸಾಬವ್ವ. ಗಂಗೂ.
ಉದ್ದುದ್ದ ಕತ್ತರಿಸಿ ಬೈತಲೆ ತೆಗೆದು ಅಂಟಿಸಿದೆ.

ಬಾಯಿಗೆ ಮಾತ್ರ ರಾಜಿಯಾಗಲಿಲ್ಲ.
ಮಿಶ್ರಿ ಹಚ್ಚಿ ಕರಿ ಹಲ್ಲು ಅಂದರು ಒಬ್ಬರು,
ಎಲೆ ಅಡಿಕೆ ಅಂದರು ಇನ್ನೊಬ್ಬರು,
ಸೊಸೆಯಂದಿರಿಬ್ಬರು ಮಾತು ಬಿಟ್ಟರು.
ಕಡೆಗೆ ಆ ಜಾಗ ಹಾಗೇ ಬಿಟ್ಟೆವು.
ಬರಿ ಗೋಡೆ, ಅದರಲ್ಲಿ ಬಿಲ್ಡರನ ಕೆಂಪು ನಂಬರು.
ದೂರ ನಿಂತು ನೋಡಿದರೆ
ಎಲೆ ಅಡಿಕೆಯೇ ಇದ್ದೀತು ಅನ್ನಿಸುತ್ತದೆ.

ಸಂಜೆ ಯಮನಪ್ಪ ಬಂದ,
ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಚೀಲ,
ಅದರೊಳಗೆ ಅವನ ಹಾಜರಿ ಕಾರ್ಡು.
ಆ ಹತ್ತೊಂಬತ್ತು ದಿನಕ್ಕೆ ಹತ್ತೊಂಬತ್ತು ಠಸ್ಸೆ.
"ಅಕಿ ಬಾಗಲದಾಗ ಕುಂತಿದ್ದಳು.
ನಾ ಅಕಿನ್ನ ದಾಟಿ ಒಳಗ ಹೋದೆ.
ಮಗಳಿಗೆ ಕಾಮಾಲಿ ಆಗಿತ್ತು."

ಹುಡುಗರು ಗೋಡೆಗೆ ಅಡ್ಡ ನಿಂತರು.
ನಾನು ಕುಂಚವನ್ನು ಬಕೆಟ್ಟಿನಲ್ಲಿ ಸುಮ್ಮನೆ ತಿರುವುತ್ತಿದ್ದೆ.
ಸಾಬವ್ವ ಅಂದಳು:
"ಅವ್ವ ಸಾಯೂತನಕ ಇವನ ಮನ್ಯಾಗ ಚಾ ಕುಡೀತಿದ್ದಳು.
ಬೈಕೋತ ಬೈಕೋತ ಕುಡೀತಿದ್ದಳು."

ಕಣ್ಣಿನ ಕೆಳಗೆ ಕಪ್ಪು ಬೇಕಾಗಿತ್ತು ನನಗೆ.
ಠಸ್ಸೆಯ ಶಾಯಿ ಅಲ್ಲಿ ಸರಿಯಾಗಿ ಕೂತಿತು.
ಅಲ್ಲಿಯವರೆಗೆ ಅದು ಕಣ್ಣು ಅಷ್ಟೇ;
ಈಗ ರಾತ್ರಿಯೆಲ್ಲ ಎಚ್ಚರ ಇದ್ದ ಕಣ್ಣು.

ಬೆಳಗಿನ ಐದಕ್ಕೆ ಹೆಂಗಸರು ಚೌಕಿಗೆ ಹೊರಟಿದ್ದರು.
ಕಡಲ ಕಡೆಯ ತೇವಕ್ಕೆ
ಒಂದು ಹೆಸರಿನ ತುದಿ ಎದ್ದಿತ್ತು.
ಸಾಬವ್ವ ನಾಲಿಗೆಗೆ ಹೆಬ್ಬೆಟ್ಟು ತಾಗಿಸಿ
ಅದರ ಮೇಲೆ ಒತ್ತಿ ಹಿಡಿದಳು.
ಹೆಬ್ಬೆಟ್ಟು ಒತ್ತಬ್ಯಾಡ್ರಿ, ಸಹಿ ಕಲೀರಿ
ಅಂತ ಇದೇ ಕಟ್ಟೆಯ ಮೇಲೆ
ಕೈಹಿಡಿದು ತಿದ್ದಿಸಿದವಳಲ್ಲವೆ ಅವಳು.

"ಬೈಲಿ ಬಿಡು" ಅಂದಳು ಸಾಬವ್ವ,
ಬೆರಳು ತೆಗೆಯದೆ.