ತಿದ್ದುಪಡಿ

ಮಂಗಳವಾರ ಹನ್ನೊಂದಕ್ಕೆ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದರು
ಭದ್ರಾವತಿ ನ್ಯೂಟೌನಿನ ಸೆರಫಿನಾ ಟೀಚರ್,
ಸೋಮವಾರ ತೀರಿಕೊಂಡವರು.

ಕೂತರು. ಏದುಸಿರು. ನೀರು ಕುಡಿದರು.
‘ಹಾಕ್ರಿ, ನಾನು ಬದುಕಿದ್ದೀನಿ ಅಂತ.’

ಮೊಬೈಲಿನಲ್ಲಿ ಅವರ ಫೋಟೊ, ಸುತ್ತ ಹೂವು,
ಕೆಳಗೆ ಇನ್ನೂರ ಹತ್ತು ಜೋಡಿ ಮುಗಿದ ಕೈ.
ಮೊದಲು ಕಳಿಸಿದ್ದು ಯಾರೋ, ಯಾರಿಗೂ ಗೊತ್ತಿಲ್ಲ.
ಹಾಲಿನವನು ಅರ್ಧ ಲೀಟರ್ ನಿಲ್ಲಿಸಿದ್ದಾನೆ.
ಪೆನ್ಶನ್ ಗುಮಾಸ್ತ ಅಂದನಂತೆ:
‘ನೀವೇ ಬಂದ್ರೆ ಸಾಲದು ಟೀಚರ್.’

‘ಫೋನಲ್ಲೇ ಹಾಕಬಹುದಿತ್ತಲ್ಲ?’
‘ಹಾಕಿದೆ. ಸುಳ್ಳು ಸುದ್ದಿ ಹಬ್ಬಿಸಬೇಡಿ ಅಂತ ಬೈದರು.’

ನಗು ಬರಬೇಕಿತ್ತು.
ಹೋದ ಆಷಾಢ, ಎಲ್ಲರಿಗಿಂತ ಮೊದಲು ಎಂಬ ಉಮೇದಿನಲ್ಲಿ
ಹಳೇ ಸೇತುವೆಯ ಹತ್ತಿರ ಒಬ್ಬನನ್ನು ನಾನೇ ಮುಳುಗಿಸಿದ್ದೆ.
ಅವನು ಆಗ ಹೊಳೆಹೊನ್ನೂರಲ್ಲಿ ಚಹಾ ಕುಡಿಯುತ್ತಿದ್ದ.
ತಿದ್ದುಪಡಿ: ಐದನೇ ಪುಟ, ಹರಾಜಿನ ಜಾಹೀರಾತಿನ ಕೆಳಗೆ,
ಎರಡು ಸಾಲು.

ಟೀಚರ್ ಪರ್ಸು ಬಿಚ್ಚಿದರು.
ಅದೇ ಎರಡು ಸಾಲು, ಕತ್ತರಿಸಿ ಮಡಚಿದ್ದು.
‘ತಪ್ಪಾಯಿತು ಅಂತ ಬರೆದಿದ್ರಲ್ಲ,
ಅದಕ್ಕೇ ಇಲ್ಲಿಗೆ ಬಂದೆ.’

ಅದರಲ್ಲೂ ಒಂದು ಕಾಗುಣಿತ ತಪ್ಪಿತ್ತು.
ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು.